ದಿನಕ್ಕೊಂದು ಗೇಣು

ಒದ್ದೆ ಬಟ್ಟೆಯಿಂದ ಒರೆಸೋಣವೆಂದು ಮಗಳು ಅಪ್ಪನ ಬಲಗೈಯನ್ನು ಎತ್ತಿಕೊಂಡಾಗ ಮೊದಲು ತಾಗಿದ್ದು ಮಂಜುಗಡ್ಡೆಯ ತಂಪಲ್ಲ, ಒಂದು ವಾಸನೆ. ಡಾಂಬರು, ಸೀಮೆಎಣ್ಣೆ, ತುಕ್ಕಿನ ಪುಡಿ ಮೂರೂ ಬೆರೆತ ವಾಸನೆ. ಅವಳು ಚಿಕ್ಕವಳಿದ್ದಾಗ ಮಳೆಗಾಲಕ್ಕೆ ಮುಂಚೆ ಅದು ಅಂಗಳದಲ್ಲೆಲ್ಲ ಹರಡಿ, ಒಣಹಾಕಿದ ಬಟ್ಟೆಗೂ ಅವಳ ಜಡೆಗೂ ಹತ್ತಿಕೊಳ್ಳುತ್ತಿತ್ತು. ಶಾಲೆಯಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡು ಬೆಂಚಿನ ಆ ತುದಿಗೆ ಜರುಗುತ್ತಿದ್ದಳು. ಇವಳಿಗೆ ಮಾತ್ರ ಅದು ಅಪ್ಪ ಮನೆಯಲ್ಲಿರುವ ವಾಸನೆ.

ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವಳಿಗೆ ತಲೆ ಗಿರ್ ಎನ್ನುತ್ತಿತ್ತು. ಭ್ರಮೆ ಇರಬೇಕೆಂದು ಆ ಕೈಯನ್ನು ಮೂಗಿನ ಹತ್ತಿರಕ್ಕೆ ತಂದಳು. ಭ್ರಮೆಯಲ್ಲ. ಮಡಚಿದ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ನೋಡಿದಳು. ಅಂಗೈಯನ್ನು ಯಾರೋ ಸೋಪು ಹಾಕಿ ಚೆನ್ನಾಗಿಯೇ ತೊಳೆದಿದ್ದರು. ಉಗುರಿನ ಸಂದಿಗಳು ಮಾತ್ರ ಕಪ್ಪಗಿದ್ದವು.

ಹೃದಯ ಸೋತಿದೆ, ಮೆಟ್ಟಿಲು ಕೂಡ ಹತ್ತಬಾರದು ಎಂದು ಡಾಕ್ಟರು ಹೇಳಿದ ಮೇಲೆ ಅಪ್ಪನ ಓಡಾಟವೆಲ್ಲ ಹಾಸಿಗೆಗೂ ಕಿಟಕಿ ಪಕ್ಕದ ಕುರ್ಚಿಗೂ ನಡುವೆಯೇ ಮುಗಿಯುತ್ತಿತ್ತು. ಹಾಸಿಗೆ ಹಿಡಿದವನ ಉಗುರಿಗೆ ಗಾಡಿಯ ತಳಕ್ಕೆ ಹಚ್ಚುವ ಡಾಂಬರಿನ ಕಪ್ಪು ಎಲ್ಲಿಂದ ಬರಬೇಕು?

"ಅಮ್ಮಾ, ಅಪ್ಪನ ಉಗುರಲ್ಲಿ ಇದೇನಿದು?"

ಅಮ್ಮ ಅವಳ ಮುಖ ನೋಡಲಿಲ್ಲ. ಕೈಯನ್ನು ತಾನೇ ಇಸಿದುಕೊಂಡು ಹೊದಿಕೆಯೊಳಗೆ ಇಟ್ಟಳು. "ಒರೆಸಿದ್ದು ಸಾಕು ಬಿಡು. ಬಸ್ಸಿಳಿದು ಬಂದಿದೀಯ, ಒಂದು ಲೋಟ ನೀರಾದ್ರೂ ಕುಡಿ."

ಬಾಗಿಲಲ್ಲಿ ನಿಂತಿದ್ದ ಮಗಳ ಗಂಡ ಎರಡು ಹೆಜ್ಜೆ ಒಳಗೆ ಬಂದ. "ಊಟ ಮಾಡಿ ಮಲಗಿದೋರು ಏಳಲೇ ಇಲ್ಲ. ನಿದ್ದೇಲೇ ಹೋದ್ರು. ಪುಣ್ಯವಂತರು."

ನಿನ್ನೆ ಫೋನಿನಲ್ಲೂ ಇದನ್ನೇ ಹೇಳಿದ್ದ. ಇದೇ ಮಾತು, ಇದೇ ಸಾಲು, ಒಂದಕ್ಷರ ಆಚೀಚೆ ಇಲ್ಲ.

ಜನ ಬರತೊಡಗಿದ್ದರು. ಐಸ್ ಫ್ಯಾಕ್ಟರಿಯವರು ಯಾರೂ ಕೇಳದೆಯೇ ನಿನ್ನೆ ಸಂಜೆ ಮಂಜುಗಡ್ಡೆ ಕಳಿಸಿದ್ದರು. ನೀರು ನೆಲಕ್ಕೆ ಹರಿಯದಿರಲೆಂದು ಪಕ್ಕದ ಮನೆಯ ಟೈಲರಮ್ಮ ತನ್ನ ಅಂಗಡಿಯ ಹಳೆಯ ಚಿಂದಿಗಳನ್ನೆಲ್ಲ ತಂದು ಸುತ್ತ ಒತ್ತರಿಸಿ, ಒದ್ದೆಯಾದಂತೆ ಹಿಂಡಿ ಹಿಂಡಿ ಬದಲಾಯಿಸುತ್ತಿದ್ದಳು. ಹಾಗೆ ಮಾಡೆಂದು ಅವಳಿಗೂ ಯಾರೂ ಹೇಳಿರಲಿಲ್ಲ.

ಮೀನಿನ ಅಂಗಡಿಯವಳು ಬಂದವಳೇ ಕಾಲಿನ ಬಳಿ ಕುಕ್ಕರಿಸಿದಳು. "ಏನೋ ಐಸಣ್ಣ, ಊರಿಗೆಲ್ಲ ಐಸು ಹೊತ್ತು ಹೊತ್ತು ಕೊನೆಗೆ ನೀನೇ ಐಸಿನ ಮೇಲೆ ಮಲಗಿಬಿಟ್ಯಲ್ಲೋ!" ಎಂದು ನಗಲು ಹೋಗಿ ಅತ್ತಳು. "ಮೂಲೆ ಮುರಿದ ಗಡ್ಡೆ ಒಂದು ದಿನ ಕೊಟ್ಟೋನಲ್ಲ ಕಣಮ್ಮ. ಹಾದೀಲಿ ಕರಗಿದ್ರೆ, ಇದು ನನ್ನ ಪಾಲಿನದು ಅಂತ ಅವನೇ ನಷ್ಟ ಹೊರ್ತಿದ್ದ."

"ಎಷ್ಟು ಹೊತ್ತಿಗೆ ಎತ್ತೋದು?" ಯಾರೋ ಕೇಳಿದರು.

"ವ್ಯಾನ್ ಹೇಳಿದೀನಿ. ಇನ್ನೇನು ಬರುತ್ತೆ," ಎಂದ ಗಂಡ.

ಮಗಳು ತಲೆಯೆತ್ತಿದಳು. "ವ್ಯಾನ್ ಯಾಕೆ? ಗಾಡಿ ಇದೆಯಲ್ಲ. ಅಪ್ಪ ಅದರಲ್ಲೇ ಹೋಗ್ಬೇಕು. ಕೊನೇ ಲೋಡು ನಾನೇ, ಅವತ್ತು ಮಾತ್ರ ಬಾಡಿಗೆ ಕೇಳ್ಬೇಡಿ ಅಂತಿದ್ದ. ಎಲ್ಲರಿಗೂ ಗೊತ್ತು."

"ಅದು ತಮಾಷೆಗೆ ಹೇಳಿದ್ದು. ಬ್ಯಾಟರಿ ಇಳಿದುಹೋಗಿದೆ."

"ಗ್ಯಾರೇಜಿನ ಅಣ್ಣ ಬಂದಿದಾರೆ. ಬೇರೆ ಬ್ಯಾಟರಿ ಕೂರಿಸ್ತಾರೆ."

"ಈಗ ಆ ಗಾಡಿ ಹತ್ರ ಹೋಗೋದು ಬೇಡ ಅಂದ್ನಲ್ಲ!"

ಸಾವಿನ ಮನೆಯಲ್ಲಿ ಬ್ಯಾಟರಿಗಾಗಿ ಯಾರೂ ಅಷ್ಟು ಗಟ್ಟಿಯಾಗಿ ಮಾತನಾಡುವುದಿಲ್ಲ. ಟೈಲರಮ್ಮ ಹಿಂಡುತ್ತಿದ್ದ ಚಿಂದಿಯನ್ನು ಹಾಗೇ ಹಿಡಿದುಕೊಂಡಳು. ಅಮ್ಮ ಗೋಡೆಯ ಕಡೆ ತಿರುಗಿದಳು.

ಮಗಳು ಎದ್ದು ಹೊರಗೆ ನಡೆದಳು.

*

"ನಾನು ಮಾರೋದು ನೀರು, ನನ್ನ ಗಾಡಿಗೆ ಶತ್ರುನೂ ನೀರೇ," ಎಂದು ಅಪ್ಪ ಹೇಳುತ್ತಿದ್ದ. ಪಿಕಪ್ಪಿನ ಹಿಂದೆ ಮಂಜುಗಡ್ಡೆ ಹೇರಿ ಹೊರಟರೆ ದಾರಿಯುದ್ದಕ್ಕೂ ತೊಟ್ಟಿಕ್ಕುವ ನೀರು. ಮೀನಿನ ಮಾರುಕಟ್ಟೆಗೆ ಹೋದರೆ ಅಲ್ಲಿ ಉಪ್ಪು ನೀರು. ಬೇರೆಯವರ ಗಾಡಿಗಳು ನಾಲ್ಕು ಮಳೆಗಾಲಕ್ಕೆ ತಳ ಕಳಚಿಕೊಂಡು ಗುಜರಿ ಸೇರುತ್ತಿದ್ದವು. ಅಪ್ಪನದು ಅವಳ ಜೊತೆಗೇ ದೊಡ್ಡದಾಯಿತು.

ಪ್ರತಿ ವರ್ಷ ಮೋಡ ಕಟ್ಟುವ ಮುಂಚೆ, ತುಕ್ಕು ಹಿಡಿಯದಿರಲೆಂದು ಗಾಡಿಯ ತಳಕ್ಕೆ ಕಪ್ಪು ಹಚ್ಚುವ ಕೆಲಸ. ಮನೆಯ ಪಕ್ಕದ ತಗಡಿನ ಮಾಡಿನಡಿ ಗಾಡಿ ನಿಲ್ಲಿಸಿ, ಮುಂದಿನ ಚಕ್ರಗಳನ್ನು ಮರದ ದಿಮ್ಮಿಗಳ ಮೇಲೆ ಹತ್ತಿಸಿ, ಗೋಣಿಚೀಲ ಹಾಸಿಕೊಂಡು ಅಪ್ಪ ಕೆಳಗೆ ನುಗ್ಗುತ್ತಿದ್ದ. ಹಿಂದೆಯೇ ಟಾರ್ಚು ಹಿಡಿದು ಇವಳು. ಹಚ್ಚುವುದು ಕೊನೆಯ ಕೆಲಸ. ಮೊದಲು ಉಜ್ಜುವುದು. ತಂತಿ ಬ್ರಷ್ಷಿನ ಕರ್ ಕರ್ ಸದ್ದು ಬೆಳಗಿನಿಂದ ಸಂಜೆಯವರೆಗೂ ಬೀದಿಗೆಲ್ಲ ಕೇಳುತ್ತಿತ್ತು. ಹಲ್ಲು ಜುಮ್ಮೆನ್ನುತ್ತದೆಂದು ಟೈಲರಮ್ಮ ಗೋಡೆಯಾಚೆಯಿಂದ ಶಾಪ ಹಾಕುತ್ತಿದ್ದಳು.

"ಸಾಕಪ್ಪ, ಇದರ ಮೇಲೇ ಹಚ್ಚಿಬಿಡು. ಕಪ್ಪು ಬಳಿದ್ರೆ ಯಾರಿಗೆ ಕಾಣುತ್ತೆ?" ಎಂದು ಅವಳು ಒಮ್ಮೆ ಗೊಣಗಿದ್ದಳು.

"ತುಕ್ಕಿಗೆ ಕಾಣುತ್ತೆ," ಎಂದಿದ್ದ ಅಪ್ಪ. "ಮೇಲೆ ಬಳಿದ್ರೆ ಅದಕ್ಕೆ ಹಾಸಿಗೆ ಹೊದಿಕೆ ಎರಡೂ ಕೊಟ್ಟಂಗೆ. ಒಳಗೇ ಬೆಚ್ಚಗೆ ತಿನ್ನುತ್ತೆ."

ಉಜ್ಜಿ ಬೆಳ್ಳಿಯಂಥ ಕಬ್ಬಿಣ ಕಂಡ ಮೇಲೆ ಅವಳ ಕೆಲಸ. ತಳದ ಕಬ್ಬಿಣದ ಚೌಕಟ್ಟು, ಚಾಸಿಯಲ್ಲಿ ನೀರು ಇಳಿದುಹೋಗಲು ಇರುವ ಸಣ್ಣ ತೂತುಗಳಿಗೆಲ್ಲ ಒಂದೊಂದು ಪೊರಕೆ ಕಡ್ಡಿ ಸಿಕ್ಕಿಸುವುದು. ಕಪ್ಪು ಹಚ್ಚಿ ಅರೆ ಒಣಗಿದಾಗ ಕಡ್ಡಿಗಳನ್ನು ಕಿತ್ತು ತೆಗೆಯುವುದು. ಮರೆತರೆ ತೂತು ಮುಚ್ಚಿ ನೀರು ಒಳಗೇ ನಿಂತುಬಿಡುತ್ತದೆ. "ಗಾಡಿಗೂ ಮೂಗು ಇರುತ್ತೆ ಪುಟ್ಟಿ. ಕಟ್ಟಬಾರದು."

ಅಡಿಯಲ್ಲಿ ಮಲಗಿದವರಿಗೆ ಕಾಣುವುದು ಬರುವವರ ಪಾದಗಳಷ್ಟೇ. ಪಾದ ನೋಡಿ ಹೆಸರು ಹೇಳುವುದು ಅಪ್ಪ ಮಗಳ ಆಟ. ಊಟದ ಹೊತ್ತಿಗೆ ಅಮ್ಮನ ಪಾದಗಳು ಬರುತ್ತಿದ್ದವು, ಎಡಗಾಲಿನ ಹೆಬ್ಬೆರಳು ತುಸು ಸೊಟ್ಟ. ಮೈಕೈ ಎಲ್ಲ ಕಪ್ಪಾಗಿರುವಾಗ ಅಪ್ಪ ಹೊರಗೆ ಬರುತ್ತಿರಲಿಲ್ಲ. ಅಮ್ಮ ತಟ್ಟೆಯನ್ನು ಒಳಗೆ ಜಾರಿಸಿ, ಪಕ್ಕದಲ್ಲಿ ಚಮಚ ಇಟ್ಟು, ಆರುವ ಮುಂಚೆ ತಿನ್ನಿ ಎನ್ನುವಂತೆ ನೆಲವನ್ನು ಬೆರಳಿನಿಂದ ತಟ್ಟಿ ಹೋಗುತ್ತಿದ್ದಳು.

"ನೋಡು, ದೊಡ್ಡ ಹೋಟೆಲಿನಲ್ಲೂ ಇಂಥ ಮರ್ಯಾದೆ ಸಿಗಲ್ಲ. ಮಲಗಿದಲ್ಲಿಗೇ ಊಟ," ಎಂದು ಅಪ್ಪ ಚಮಚ ಎತ್ತಿಕೊಳ್ಳುತ್ತಿದ್ದ.

ಆ ಕೆಲಸಕ್ಕೆ ಅವಳು ಮದುವೆಯಾದ ಮೇಲೂ ತಪ್ಪದೆ ಬಂದಳು. ಗಂಡನ ಆಫೀಸು ಇದೇ ಊರಿನಲ್ಲಿ, ಮನೆ ಎರಡು ಬೀದಿ ಆಚೆ. ತಪ್ಪಿದ್ದು ಈ ವರ್ಷ ಒಂದೇ, ಅತ್ತೆಯನ್ನು ನೋಡಿಕೊಳ್ಳಲು ಅವರ ಊರಿಗೆ ಹೋಗಿದ್ದರಿಂದ.

*

ತಗಡಿನ ಮಾಡಿನಡಿ ಗಾಡಿ ಇತ್ತು. ಮುಂದಿನ ಚಕ್ರಗಳು ದಿಮ್ಮಿಗಳ ಮೇಲೆಯೇ ಇದ್ದವು. ಕಪ್ಪು ಹಚ್ಚಿ ಎರಡು ತಿಂಗಳಾದರೂ ಇಳಿಸಿರಲಿಲ್ಲ. ಚಾಲಕನ ಬಾಗಿಲಿನ ಕೆಳಗಿನಿಂದ ಗೋಣಿಚೀಲದ ಅಂಚು ಇಣುಕುತ್ತಿತ್ತು.

ಅವಳು ಸಾವಿಗೆಂದು ಉಟ್ಟು ಬಂದ ಬಟ್ಟೆಯಲ್ಲೇ ಅಂಗಾತ ಮಲಗಿ ಒಳಗೆ ಸರಿದಳು. ಫೋನಿನ ಬೆಳಕು ಹಾಕಿದಳು.

ಹಿಂದಿನ ಅರ್ಧವೆಲ್ಲ ದಪ್ಪಗೆ, ಮಿರಮಿರನೆ ಕಪ್ಪು. ಅಲ್ಲಲ್ಲಿ ಕಪ್ಪಿನೊಳಗೆ ಮಣ್ಣಿನ ಹೆಂಟೆ, ಒಂದು ಒಣಗಿದ ಎಲೆ ಕೂಡ ಹಾಗೇ ಅಂಟಿಕೊಂಡಿತ್ತು. ಉಜ್ಜುವುದಿರಲಿ, ನೀರು ಹೊಡೆದು ತೊಳೆದೂ ಇರಲಿಲ್ಲ. ತೂತುಗಳೆಲ್ಲ ಮುಚ್ಚಿಹೋಗಿದ್ದವು. ಒಂದೆಡೆ ಕಪ್ಪು ಬೊಕ್ಕೆಯಂತೆ ಉಬ್ಬಿತ್ತು. ಬೆರಳಿನಿಂದ ಒತ್ತಿದಾಗ ಒಡೆದು, ಕೆಂಪು ನೀರು ಮಣಿಕಟ್ಟಿನವರೆಗೆ ಇಳಿಯಿತು.

ಬೆಳಕನ್ನು ಮುಂದಕ್ಕೆ ತಿರುಗಿಸಿದಳು. ಅಲ್ಲಿಂದ ಆಚೆ ಬೇರೆಯೇ ಗಾಡಿ ಇದ್ದಂತೆ. ಮುಂದಿನ ಚಕ್ರದಿಂದ ಶುರುವಾಗಿ ಬಾಗಿಲಿನವರೆಗೆ, ಅಂಗೈ ಅಂಗೈ ಅಗಲಕ್ಕೆ, ಹಳೆಯದನ್ನು ಕೆರೆದು, ಬರಿಯ ಕಬ್ಬಿಣ ಕಾಣುವವರೆಗೆ ಉಜ್ಜಿ, ತೆಳ್ಳಗೆ ಒಂದು ಕೋಟು ಹಚ್ಚಿತ್ತು. ಒಂದೊಂದು ತೇಪೆಯ ಅಂಚೂ ಬೇರೆ. ಒಂದೇ ದಿನ ಮಾಡಿದ ಕೆಲಸವಲ್ಲ. ತೂತುಗಳೆಲ್ಲ ತೆರೆದಿದ್ದವು, ಕೊನೆಗೆ ಕಪ್ಪು ಹಚ್ಚಿದ ಕಡೆ ಮಾತ್ರ ಇನ್ನೂ ಒಂದು ಪೊರಕೆ ಕಡ್ಡಿ. ಕೊನೆಯ ತೇಪೆಗೆ ಕಪ್ಪು ಹಚ್ಚಿರಲಿಲ್ಲ. ಗೇಣುದ್ದದ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಕೆಳಗೆ, ತಲೆದಿಂಬಿನಂತೆ ಮಡಚಿಟ್ಟ ಅಪ್ಪನ ಟವೆಲು. ಟವೆಲಿನ ಪಕ್ಕ ಸೀಮೆಎಣ್ಣೆಯ ಬಟ್ಟಲು. ತಂತಿ ಬ್ರಷ್ಷು ಆಚೆ ಉರುಳಿ ಬಿದ್ದಿತ್ತು.

ಅವಳು ಆ ಟವೆಲಿನ ಮೇಲೆ ತಲೆಯಿಟ್ಟು ನೋಡಿದಳು. ಬೆಳ್ಳಗಿನ ಗೇಣು ಸರಿಯಾಗಿ ಕಣ್ಣೆದುರಿಗೆ ಬಂತು.

ಪಾದಗಳು ಬಂದವು. ಎಡಗಾಲಿನ ಹೆಬ್ಬೆರಳು ಸೊಟ್ಟ.

"ಪುಟ್ಟೀ, ಹೊರಗೆ ಬಾಮ್ಮ."

"ಅಪ್ಪನ ಪ್ರಾಣ ಹೋಗಿದ್ದು ಎಲ್ಲಿ ಅಮ್ಮ?"

ಅಮ್ಮ ಮೆಲ್ಲಗೆ ನೆಲಕ್ಕೆ ಕುಕ್ಕರಿಸಿದಳು. ಮುಖ ಕಾಣಲಿಲ್ಲ, ಮೊಣಕಾಲ ಮೇಲಿನ ಕೈಗಳು ಕಂಡವು.

"ಅಳಿಯಂದ್ರು ಕಪ್ಪು ಹಚ್ಚೋಕೆ ಬಂದ ದಿವಸ ನಿಮ್ಮಪ್ಪ ಕಿಟಕಿ ಹತ್ರ ಕುರ್ಚಿ ಹಾಕಿಸ್ಕೊಂಡು ಕೂತ್ರು. ಬ್ರಷ್ಷಿನ ಸದ್ದು ಕೇಳೋಕೆ. ಸದ್ದೇ ಬರ್ಲಿಲ್ಲ. ನಾನು ಒಲೆ ಮೇಲಿಟ್ಟಿದ್ದು ಬೇಯೋ ಅಷ್ಟರಲ್ಲಿ ಇವರು ಕೈ ತೊಳ್ಕೊಂಡು, ಎಲ್ಲಾ ಉಜ್ಜಿ ಹಚ್ಚಿದೀನಿ ಮಾವ ಅಂದ್ರು. ನಿಮ್ಮಪ್ಪ ಸರಿ ಅಂದ್ರು. ತಟ್ಟೆ ಹಾಕು, ದಣಿದಿದಾರೆ ಅಂದ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ಅವಳಲ್ಲಿ ಅವರಮ್ಮನ ಸೇವೆ ಮಾಡ್ತಿದಾಳೆ, ಈ ವಿಷ ಯಾಕೆ ಹಾಕ್ತೀಯ ಅಂದ್ರು." ಅಮ್ಮನ ಕೈಗಳು ಒಂದನ್ನೊಂದು ಹಿಸುಕಿಕೊಂಡವು. "ನಾನು ಮಧ್ಯಾಹ್ನ ಅಡ್ಡಾದಾಗ ಕಳ್ಳನ ಥರ ಎದ್ದು ಬರೋರು. ದಿನಕ್ಕೊಂದು ಗೇಣು. ನಾನು ನಿದ್ದೆ ಬಂದವಳ ಹಾಗೆ ಮಲಗಿರ್ತಿದ್ದೆ. ಬೇಡ ಅಂದಿದ್ರೆ ಕೇಳ್ತಿದ್ರಾ? ಸದ್ದು ಬರ್ತಿದ್ರೆ ಜೀವ ಇದೆ ಅಂತ ನಾನೂ ಕಣ್ಮುಚ್ಚಿರ್ತಿದ್ದೆ. ನಿನ್ನೆ ಸದ್ದು ನಿಂತುಹೋಯ್ತು."

ತಗಡಿನ ಮೇಲೆ ಕಾಗೆಯೊಂದು ಓಡಾಡಿತು.

"ಅಳಿಯಂದ್ರು, ಟೈಲರಮ್ಮ ಸೇರಿ ಎಳೆದು ಹಾಸಿಗೆ ಮೇಲೆ ಮಲಗಿಸಿದ್ರು. ನಿದ್ದೇಲಿ ಹೋದ್ರು ಅನ್ನೋಣ ಅಂತ ಅಳಿಯಂದ್ರೇ ಹೇಳಿದ್ದು. ನಿನ್ನ ಸಂಸಾರ ಒಡೀಬಾರ್ದು ಅಂತ ನಾನೂ ಹೂಂ ಅಂದೆ."

"ನೀನೂನಾ ಅಮ್ಮ," ಎಂದಳು ಮಗಳು. ಅದು ಪ್ರಶ್ನೆಯ ಹಾಗೆ ಬರಲಿಲ್ಲ.

*

ಗಂಡ ಕಪ್ಪು ಹಚ್ಚಿದ ಆ ಸಂಜೆ ಅತ್ತೆಯ ಊರಿನಿಂದ ಅವಳು ಫೋನು ಮಾಡಿದ್ದು ಈಗ ಅಕ್ಷರ ಅಕ್ಷರವಾಗಿ ನೆನಪಾಯಿತು. ಅತ್ತೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ನೋಡಿಕೊಳ್ಳಲು ಹೊರಟವಳಿಗೆ ಗಂಡ ಬಸ್ ನಿಲ್ದಾಣದಲ್ಲಿ ಹೇಳಿದ್ದ: "ನೀನು ನಮ್ಮಮ್ಮನ್ನ ನೋಡ್ಕೋ, ನಿಮ್ಮಪ್ಪನ ಗಾಡಿ ನನಗೆ ಬಿಡು." ಅವನ ಬಾಯಿಂದ ಅಂಥ ಮಾತು ಬಂದದ್ದಕ್ಕೆ ಅವಳು ದಾರಿಯುದ್ದಕ್ಕೂ ಖುಷಿಪಟ್ಟಿದ್ದಳು.

"ಉಜ್ಜಿ ಉಜ್ಜಿ ಭುಜ ಬಿದ್ದುಹೋಯ್ತು ಕಣೇ," ಎಂದಿದ್ದ ಫೋನಿನಲ್ಲಿ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಶಾಖ ಕೊಟ್ಟುಕೊಳ್ಳಿ ಎಂದು ಅವಳು ಕಳಕಳಿಯಿಂದ ಹೇಳಿದ್ದಳು. ಪಕ್ಕದ ಹಾಸಿಗೆಯಿಂದ ಅತ್ತೆ, "ನನ್ನ ಮಗ ಮನಸ್ಸಿಟ್ರೆ ಏನು ಬೇಕಾದ್ರೂ ಮಾಡ್ತಾನೆ," ಎಂದಿದ್ದರು.

ಆಮೇಲೆ ಅಪ್ಪ ಫೋನು ತೆಗೆದುಕೊಂಡಿದ್ದ. "ತುಂಬಾ ಬೇಗ ಮುಗಿಸಿದ್ರು ಪುಟ್ಟಿ."

"ಬೇಗ ಮುಗಿಯೋದು ಐಸು ಒಂದೇ," ಎನ್ನುವುದು ಅಪ್ಪನ ಜೀವಮಾನದ ಗಾದೆ. ಸೋಮಾರಿ ಕೆಲಸ ಕಂಡಾಗೆಲ್ಲ ಅದನ್ನೇ ಹೇಳಿ ಮುಸಿಮುಸಿ ನಗುತ್ತಿದ್ದ. ಅವಳು ಹೊಗಳಿಕೆಯೆಂದುಕೊಂಡು ಫೋನಿಟ್ಟಿದ್ದಳು.

*

ಗಾಡಿಯ ಸುತ್ತ ಪಾದಗಳು ಕೂಡಿದವು. ಗ್ಯಾರೇಜಿನವನ ಸವೆದ ಚಪ್ಪಲಿ, ಮೀನಿನ ಅಂಗಡಿಯವಳ ರಬ್ಬರ್ ಬೂಟು, ಗಂಡನ ಪಾಲಿಷ್ ಮಾಡಿದ ಷೂ. ಎಡಗಡೆಯ ಷೂವಿನ ಅಂಚಿನಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ ಒಣಗಿ ಕೂತಿತ್ತು.

ಅವಳು ಹೊರಗೆ ಬಂದಳು. ಬೆನ್ನೆಲ್ಲ ಮಣ್ಣು, ಮಣಿಕಟ್ಟಿನಲ್ಲಿ ಕೆಂಪು ನೀರು.

ಗ್ಯಾರೇಜಿನವನು ಬಗ್ಗಿ ಹಿಂದಿನ ಅಡ್ಡಪಟ್ಟಿಗೆ ಸ್ಕ್ರೂಡ್ರೈವರ್ ತಾಗಿಸಿದ. ಅದು ಬೆಣ್ಣೆಯಲ್ಲಿ ಹೋದಂತೆ ಒಳಗೆ ಹೋಯಿತು. ಅವನು ಹೊರತೆಗೆದು ತುದಿ ನೋಡಿದ. "ಇಲ್ಲಿ ವೆಲ್ಡಿಂಗ್ ಮಾಡ್ಬೇಕು ಅಂತ ಐಸಣ್ಣ ಚಾಕ್‌ಪೀಸಲ್ಲಿ ಗುರುತು ಹಾಕಿಸಿಟ್ಟಿದ್ರು. ನಾನು ಮಿಷನ್ ತರೋಕೆ ಹೊರಟಿದ್ದೆ. ಬೇರೆ ಕಡೆ ಮಾಡ್ಸಾಯ್ತು, ಬರ್ಬೇಡಿ ಅಂತ ನೀವೇ ಫೋನ್ ಮಾಡಿದ್ರಿ ಸಾರ್."

ಗಂಡ ಅವಳ ತೋಳು ಹಿಡಿಯಲು ಬಂದ. "ಒಳಗೆ ಬಾ, ಮಾತಾಡೋಣ. ಜನ ಇದಾರೆ. ಅವರು ಮತ್ತೆ ಗಾಡಿ ಓಡಿಸೋ ಹಾಗಿರ್ಲಿಲ್ಲ. ಯಾರಿಗೆ ಬೇಕಿತ್ತು ಹೇಳು, ಅಷ್ಟೆಲ್ಲ? ಸುಮ್ನೆ ಸಮಾಧಾನಕ್ಕೆ ಅಂತ ಹಚ್ಚಿದೆ. ಮಲಗಿದೋರು ಎದ್ದು ಬಂದು ಕೆಳಗೆ ನೋಡ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ?"

"ನೋಡಿಲ್ಲ. ಕೇಳಿಸ್ಕೊಂಡ," ಎಂದಳು.

"ನಿನಗೆ ನೋವಾಗ್ಬಾರ್ದು ಅಂತ ತಾನೇ ಹೇಳ್ಲಿಲ್ಲ..."

"ನಿಮ್ಮಮ್ಮನಿಗೆ ಬೆನ್ನಲ್ಲಿ ಹುಣ್ಣಾಗಿತ್ತು. ದಿನಾ ಎರಡು ಹೊತ್ತು ತೊಳೆದೆ. ನಿಮಗೆ ಯಾರಿಗೂ ಹೇಳಿರ್ಲಿಲ್ಲ, ನೊಂದ್ಕೊತೀರ ಅಂತ." ಅವಳ ದನಿ ಏರಲಿಲ್ಲ. "ಮೇಲೆ ಪೌಡರ್ ಹಾಕಿ ಮುಚ್ಚಿಬಿಡಬಹುದಾಗಿತ್ತು ನಾನು. ಹಾಸಿಗೆ ಬಿಟ್ಟು ಎದ್ದು ನೋಡ್ತಿದ್ರಾ ಅವರು?"

ಮೀನಿನ ಅಂಗಡಿಯವಳು ಬೇರೆ ಕಡೆ ನೋಡಿದಳು. ಷೂಗಳು ಒಂದು ಹೆಜ್ಜೆ ಹಿಂದೆ ಸರಿದವು. ಆಗಲೇ ವ್ಯಾನು ಬಂದು ಗೇಟಿನ ಮುಂದೆ ನಿಂತಿತು.

"ಅಣ್ಣ," ಮಗಳು ಗ್ಯಾರೇಜಿನವನನ್ನು ಕೇಳಿದಳು, "ಗಾಡಿ ಅಪ್ಪನ್ನ ಹೊರುತ್ತಾ?"

ಅವನು ಮತ್ತೊಮ್ಮೆ ಬಗ್ಗಿ, ಮುಂದಿನಿಂದ ಹಿಂದಿನವರೆಗೆ ಗೆಣ್ಣಿನಿಂದ ತಟ್ಟುತ್ತಾ ಬಂದ. ಮುಂದೆ ಠಣ್ ಠಣ್. ಬಾಗಿಲು ದಾಟಿದ ಮೇಲೆ ಬದ್ ಬದ್. ಎದ್ದು ಕೈ ಒರೆಸಿಕೊಂಡ.

"ಐಸು ಹೊರಲ್ಲ. ಐಸಣ್ಣನ್ನ ಹೊರುತ್ತೆ. ತಲೆ ಮುಂದಕ್ಕೆ ಮಾಡಿ ಮಲಗಿಸಿ, ಎಲ್ಲಾ ಭಾರ ಅವರು ಮಾಡಿಟ್ಟ ಕಡೆ ಬೀಳ್ಲಿ. ನೀನು ನಿಧಾನಕ್ಕೆ ಓಡ್ಸು. ನಾನು ಹಿಂದೆ ನಡ್ಕೊಂಡು ಬರ್ತೀನಿ, ಕೆಳಗೆ ನೋಡ್ಕೊತಾ."

ಅವನು ಬೇರೆ ಬ್ಯಾಟರಿ ಕೂರಿಸಿ ಗಾಡಿಯನ್ನು ದಿಮ್ಮಿಗಳಿಂದ ಇಳಿಸಿದ ಮೇಲೆ, ಐಸ್ ಫ್ಯಾಕ್ಟರಿಯ ಹಮಾಲರು ಅಪ್ಪನನ್ನು ಎತ್ತಿದರು. ಗಡ್ಡೆ ಎತ್ತುವ ಅಭ್ಯಾಸದವರು, ಅಲುಗದಂತೆ, ಮೂಲೆ ತಾಗದಂತೆ ಇಟ್ಟರು. ಟೈಲರಮ್ಮ ತಲೆಯ ಅಡಿಗೆ ಚಿಂದಿಯ ಮೆತ್ತೆ ಒತ್ತರಿಸಿದಳು. ಮಗಳು ಸ್ಟೇರಿಂಗ್ ಹಿಡಿದಳು. ಪಕ್ಕದಲ್ಲಿ ಅಮ್ಮ ಕೂತಳು. ಪ್ರತಿ ಗುಂಡಿಯ ಮುಂದೆ ಮಗಳು ಕ್ಲಚ್ಚು ಒತ್ತಿ, ಮೊಟ್ಟೆ ತುಂಬಿದ ಬುಟ್ಟಿ ಹೊತ್ತವಳಂತೆ ಗಾಡಿಯನ್ನು ದಾಟಿಸಿದಳು. ಮೀನಿನ ಮಾರುಕಟ್ಟೆಯ ಮುಂದೆ ಅಂಗಡಿಯವರು ಎದ್ದು ನಿಂತರು. ಹಿಂದೆ ಬಾಡಿಗೆಯ ವ್ಯಾನು ಖಾಲಿಯಾಗಿ ಬರುತ್ತಿತ್ತು, ಒಳಗೆ ಗಂಡ ಒಬ್ಬನೇ.

*

ಎಲ್ಲ ಮುಗಿಸಿ ಬಂದಾಗ ಹೊತ್ತು ಇಳಿದಿತ್ತು. ಗ್ಯಾರೇಜಿನವನೇ ಗಾಡಿಯನ್ನು ತಿರುಗಿ ದಿಮ್ಮಿಗಳ ಮೇಲೆ ಹತ್ತಿಸಿಕೊಟ್ಟು, ಏನೂ ಕೇಳದೆ ಹೋದ. ಟೈಲರಮ್ಮ ತನ್ನ ಮನೆಯಿಂದ ಅಡುಗೆ ಮಾಡಿ ತಂದು ಬಂದವರಿಗೆ ಬಡಿಸುತ್ತಿದ್ದಳು. ಒಳಗೆ ಗುಜುಗುಜು ಮಾತು, ಪಾತ್ರೆಯ ಸದ್ದು.

ಅದರ ನಡುವೆ, ಕಿಟಕಿಯ ಆಚೆಯಿಂದ, ಕರ್ ಕರ್ ಎಂದು ಶುರುವಾಯಿತು.

ಯಾರೂ ತುತ್ತು ಎತ್ತಲಿಲ್ಲ. ಹಲ್ಲು ಜುಮ್ಮೆನ್ನುತ್ತದೆಂದು ಟೈಲರಮ್ಮ ಶಾಪ ಹಾಕಲಿಲ್ಲ.

ಮಗಳು ಟವೆಲಿನ ಮೇಲೆ ತಲೆಯಿಟ್ಟು, ಬೆಳ್ಳಗಿನ ಗೇಣು ಮುಗಿಯುವ ಕಡೆ ಬ್ರಷ್ಷು ಒತ್ತಿದ್ದಳು. ತುಕ್ಕು ಮುಖದ ಮೇಲೆಲ್ಲ ಉದುರುತ್ತಿತ್ತು. ಕಣ್ಣು ಉರಿಯುವುದಕ್ಕೆ ಒಂದು ನೆಪವಾದರೂ ಸಿಕ್ಕಿತ್ತು.

ಷೂಗಳು ಬಂದು ನಿಂತವು.

"ಮನೆಗೆ ಹೋಗೋಣ ಬಾ. ನಾಳೆ ಬೇಕಾದ್ರೆ ಜನ ಇಟ್ಟು ಎಲ್ಲಾ ಹೊಸದಾಗಿ ಮಾಡಿಸ್ತೀನಿ."

ಕರ್ ಕರ್.

"ಕೇಳ್ತಿದೀಯಾ?"

ಕರ್ ಕರ್ ಕರ್. ಷೂಗಳು ಒಂದಷ್ಟು ಹೊತ್ತು ಅಲ್ಲೇ ಇದ್ದವು. ಆಮೇಲೆ ಗೇಟಿನವರೆಗೆ ಹೋಗಿ, ಅಲ್ಲಿ ಒಮ್ಮೆ ತಿರುಗಿ, ಬೀದಿಗೆ ಇಳಿದವು.

ಬೆಳಕು ಸಾಲದಾಗಿತ್ತು. ಅವಳು ಕಬ್ಬಿಣವನ್ನು ಬೆರಳಿನಿಂದ ತಡವಿ ನೋಡುತ್ತಾ ಉಜ್ಜುತ್ತಿದ್ದಾಗ ಬರಿಗಾಲುಗಳು ಬಂದವು. ಬ್ರಷ್ಷು ನಿಂತಿತು. ಸೊಟ್ಟ ಹೆಬ್ಬೆರಳಿನ ಪಕ್ಕದಲ್ಲಿ ಒಂದು ಕೈ ನೆಲಕ್ಕೆ ಇಳಿಯಿತು. ಆವಿಯಾಡುತ್ತಿದ್ದ ತಟ್ಟೆ ಗೋಣಿಚೀಲದ ಮೇಲೆ ಮೆಲ್ಲಗೆ ಒಳಕ್ಕೆ ಜಾರಿತು. ಪಕ್ಕದಲ್ಲಿ ಚಮಚ. ಬೆರಳುಗಳು ನೆಲವನ್ನು ತಟ್ಟಲು ಮೇಲೆದ್ದವು, ತಟ್ಟದೆ ಅಲ್ಲೇ ಕಾದವು.